‘ಸರ್ವರ್ ಇಲ್ರೀ, ನಾಳಿಗಿ ಬರ್ರಿ’

ಬೆಳೆಸಾಲಕ್ಕೆ ಉತಾರ ಬೇಕಂತ ಬಿಜ್ಜರಗಿ ಕಡೆಯ ರೈತ ದ್ರಾಕ್ಷಿಗೆ ಎಣ್ಣೆ ಹೊಡೆಯುವುದನ್ನು ಬಿಟ್ಟು ಕಚೇರಿಗೆ ಹೋಗಿರುತ್ತಾನೆ. ಕಿಟಕಿಯೊಳಗಿಂದ ಬರುವ ಉತ್ತರ ಮೇಲಿನದೇ. ಆಪರೇಟರ್ ಮೇಲೆ ಕೂಗಾಡಿ ಫಲವಿಲ್ಲ, ಅವನ ಕೈಯಲ್ಲಿ ಇರುವುದು ಬರೀ ಪರದೆ. ಕೇಳಬೇಕಾದವರು ಮೇಲಿದ್ದಾರೆ.

2000ದ ಹೊತ್ತಿಗೆ ‘ಭೂಮಿ’ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ ಕಂಪ್ಯೂಟರ್ ಸೇರಿದವು, ಕೈಬರಹದ ಉತಾರಕ್ಕೆ ಬೆಲೆ ಹೋಯಿತು. ಒಳ್ಳೆಯದೇ ಆಯಿತು, ತಲಾಠಿಯ ಬೆನ್ನು ಹತ್ತುವುದು ತಪ್ಪಿತು. ಆದರೆ ಕಂಪ್ಯೂಟರ್ ನಿಂತ ದಿನ ಎಲ್ಲಿಗೆ ಹೋಗಬೇಕು?

ಕಿರಾಣಿ ಅಂಗಡಿಯ ಉದ್ರಿ ವಹಿ ನೋಡ್ರಿ. ಸಾಹುಕಾರ ಬರೆಯುವಾಗಲೇ ಹತ್ತು ಮಂದಿ ‘ನಂದೆಷ್ಟು ಬಾಕಿ’ ಅಂತ ಅದೇ ವಹಿ ಎಳೆದರೆ ಬರೆಯುವ ಕೈ ನಿಲ್ಲುತ್ತದೆ. ಬರೆದದ್ದು ಆಗಿಂದಾಗ ಎರಡನೇ ವಹಿಗೂ ಏರಿದರೆ? ನೋಡುವವರಿಗೆ ಅದನ್ನು ಕೊಟ್ಟರಾಯಿತು. ಇದೇ ಡೇಟಾಬೇಸ್ ರೆಪ್ಲಿಕೇಶನ್. ವರ್ದಿ, ನೋಂದಣಿ ಮುಖ್ಯ ಸರ್ವರ್‌ನಲ್ಲಿ. ಹುಡುಕಾಟ ಮತ್ತು ಸಾಹೇಬರ ಮೀಟಿಂಗಿನ ವರದಿ ನಕಲಿನಲ್ಲಿ. ದುಡ್ಡು ಕೊಡದೆ ಸಿಗುವ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ನಲ್ಲೂ ಈ ಸೌಲಭ್ಯವಿದೆ.

2025ರ ಜನವರಿಯಲ್ಲಿ ಕಾವೇರಿ 2.0 ತೊಡರಿದಾಗ ಸರ್ಕಾರವೇ ಕೊಟ್ಟ ಕಾರಣ: ಇ.ಸಿ. ಹುಡುಕಾಟದ ಮೇಲೆ ಕಿಡಿಗೇಡಿಗಳು ಸುಳ್ಳು ಕೋರಿಕೆ ಸುರಿದರು. ಹುಡುಕಾಟದ ಗದ್ದಲಕ್ಕೆ ರಾಜ್ಯದ ನೋಂದಣಿ ಕುಂಟಿತು! ನಕಲೊಂದೇ ದಾಳಿ ತಡೆಯುತ್ತದೆ ಅಂತಲ್ಲ. ನೋಡುವ ಬಾಗಿಲಲ್ಲಿ ಜಗಳವಾದರೆ ಬರೆಯುವ ಬಾಗಿಲು ಯಾಕೆ ಮುಚ್ಚಬೇಕು, ಅದು ನನ್ನ ಪ್ರಶ್ನೆ.

ಎರಡನೇ ವಹಿ ಅದೇ ಅಂಗಡಿಯಲ್ಲಿದ್ದರೂ ಸಾಲದು, ಬೆಂಕಿ ಬಿದ್ದರೆ ಎರಡೂ ಬೂದಿ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಹತ್ತಿ 600ಕ್ಕೂ ಹೆಚ್ಚು ಸೇವೆಗಳು ನಿಂತವು. ನೌಕರರ ಜಿ-ಡ್ರೈವ್‌ನ 858 ಟೆರಾಬೈಟ್ ಕಡತಕ್ಕೆ ಹೊರಗೆ ನಕಲೇ ಇರಲಿಲ್ಲ. ಅಷ್ಟು ಮುಂದುವರಿದ ದೇಶದ ಗತಿ ಇದು. ಇನ್ನೊಂದು: ಮುಖ್ಯ ವಹಿಯಲ್ಲಿ ಯಾರೋ ನಿಮ್ಮ ಹೆಸರು ಅಳಿಸಿದರೆ ನಕಲಿನಲ್ಲೂ ಕ್ಷಣದಲ್ಲಿ ಅಳಿಯುತ್ತದೆ. ಅದಕ್ಕೇ ಹಳೆಯ ದಿನಗಳ ಬ್ಯಾಕಪ್ ಬೇರೆ ಇಡಬೇಕು.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ನಮ್ಮ ಉತಾರದ ನಕಲು ಯಾವ ಊರಲ್ಲಿದೆ? ಮುಖ್ಯ ಸರ್ವರ್ ಬಂದ್ ಮಾಡಿ ನಕಲಿನ ಮೇಲೆ ಕೆಲಸ ನಡೆಸಿ ನೋಡಿದ್ದು ಕೊನೆಯ ಸಲ ಯಾವ ತಾರೀಖು? ಬ್ಯಾಕಪ್ ಎಷ್ಟು ದಿನದ್ದಿದೆ? ನಾನು ಈ ವಾರ ಹಾಕುತ್ತೇನೆ, ನೀವೂ ಹಾಕ್ರಿ.