ಹೆರಿಗೆಗೆ ಮುಂಚಿನ ನಾಲ್ಕು ತಾಸು

ತೆಲಂಗಾಣದ ಗಡಿಯ ರಾಯಿಕೋಡಿನ ಸುತ್ತಲಿನ ಕನ್ನಡ ಮನೆಗಳಲ್ಲಿ ಚೊಚ್ಚಲ ಹೆರಿಗೆ ಇವತ್ತಿಗೂ ತವರಿನದೇ. ಕುಬಸ ಮುಗಿಸಿ ಮಗಳನ್ನು ಕರೆತರುತ್ತಾರೆ. ಈಚೆಗೆ ಹೀಗೆ ಬರುವವರಲ್ಲಿ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ದುಡಿಯುವ ಹೆಣ್ಣುಮಕ್ಕಳೂ ಇದ್ದಾರೆ. ಅಲ್ಲಿನ ಖಾಸಗಿ ಆಸ್ಪತ್ರೆಯ ಫೈಲು ಅವರ ಜತೆಗೇ ಬರುತ್ತದೆ. ಆ ಫೈಲಿನ ಒಂದು ಹಾಳೆಯಲ್ಲಿ 'ಜಿಬಿಎಸ್ ಪಾಸಿಟಿವ್' ಎಂದಿದ್ದು, ಆಕೆಗೆ ಮನೆಯಲ್ಲೇ ಹೆರುವ ಮನಸ್ಸಿದ್ದರೆ ಏನು ಮಾಡಬೇಕು?

ಜಿಬಿಎಸ್ ಎಂದರೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್. ಈ ಬ್ಯಾಕ್ಟೀರಿಯಾ ಕರುಳಿನಲ್ಲೂ ಯೋನಿಮಾರ್ಗದಲ್ಲೂ ಸದ್ದಿಲ್ಲದೆ ಬೀಡುಬಿಟ್ಟಿರುತ್ತದೆ. ಲೋಕದ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಇದು ಇದೆ. ದಕ್ಷಿಣ ಏಷ್ಯಾದಲ್ಲಿ ಸ್ವಲ್ಪ ಕಡಿಮೆ. ಇದನ್ನು ಲೈಂಗಿಕ ರೋಗಗಳ ಸಾಲಿಗೆ ಸೇರಿಸುವುದಿಲ್ಲ, ಶುಚಿತ್ವಕ್ಕೂ ಇದಕ್ಕೂ ಸಂಬಂಧವಿಲ್ಲ, ಅತ್ತೆಮನೆಯವರ ಮುಂದೆ ಮುಚ್ಚಿಡುವಂಥದ್ದೂ ಇದರಲ್ಲಿ ಏನಿಲ್ಲ. ಬಹುತೇಕ ತಾಯಂದಿರಿಗೆ ಇದಿರುವುದೇ ಗೊತ್ತಾಗದು. ಆದರೆ ನೀರು ಒಡೆದ ಮೇಲೆ ಇದು ಮಗುವಿನ ಬಾಯಿಗೆ, ಉಸಿರಿಗೆ ಸೇರಿದರೆ ರಕ್ತಕ್ಕೆ, ಶ್ವಾಸಕೋಶಕ್ಕೆ, ಮಿದುಳಿನ ಪೊರೆಗೆ ನಂಜು ಏರಬಹುದು. ಔಷಧ ಸಿಗದ ಇಂಥ ತಾಯಂದಿರ ನೂರು ಮಕ್ಕಳಲ್ಲಿ ಒಂದೆರಡಕ್ಕೆ ಹೀಗಾಗುತ್ತದೆ.

ಈ ಒಂದೆರಡರ ಲೆಕ್ಕವೇ ಹಿರಿಯರ ಅನುಭವವನ್ನು ದಾರಿ ತಪ್ಪಿಸುವುದು. "ನಮ್ಮವ್ವ ಆರು ಮಂದೀನ ಮನ್ಯಾಗ ಹಡದಾಳ, ಯಾರಿಗೇನಾಗ್ಯಾದ?" ಎಂದು ಕೇಳುವ ಅಜ್ಜಿ ಸುಳ್ಳು ಹೇಳುತ್ತಿಲ್ಲ. ಆಕೆ ಕಂಡ ಹೆರಿಗೆಗಳಲ್ಲಿ ಹೆಚ್ಚಿನವು ಸುಸೂತ್ರವಾಗಿಯೇ ಆಗಿರುತ್ತವೆ. ಅದೇ ಅಜ್ಜಿಯ ಪಕ್ಕ ಕೂತು ನಿಧಾನವಾಗಿ ಕೇಳಿದರೆ, ಹುಟ್ಟಿದ ಮರುದಿನ ಮೊಲೆ ಬಿಟ್ಟು, ನರಳಿ, ಮೈ ತಣ್ಣಗಾಗಿ ಹೋದ ಒಂದು ಕೂಸಿನ ಸುದ್ದಿಯೂ ಬಂದೀತು. ಗಾಳಿ ಸೋಕಿತು ಎಂದರು, ದೃಷ್ಟಿ ತಾಗಿತು ಎಂದರು, ಅದರ ಋಣ ಅಷ್ಟೇ ಎಂದು ಮಣ್ಣು ಮಾಡಿ ಬಂದರು. ಹಸುಗೂಸುಗಳನ್ನು ಒಯ್ಯುವ ನಂಜುಗಳು ಹಲವು. ಯಾವುದು ಯಾವುದರಿಂದ ಹೋಯಿತೆಂದು ಬರೆದಿಟ್ಟವರು ಯಾರೂ ಇರಲಿಲ್ಲ.

ಹಾಗೆಂದು ಮನೆಯಲ್ಲಿ ಹೆರಬೇಕೆನ್ನುವವಳನ್ನು ಗದರಿಸುವುದು ನನಗೆ ಒಪ್ಪಿಗೆಯಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗಿದ್ದವು. ಒಟ್ಟು ಹೆರಿಗೆಗಳಲ್ಲಿ ಶೇ 60.7 ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಂತೂ ಅದು ಶೇ 80 ದಾಟಿತ್ತು. ದವಾಖಾನೆಗೆ ಹೋದರೆ ಕೊಯ್ದೇ ಕಳಿಸುತ್ತಾರೆ ಎಂಬ ಮಾತು ಇಂಥ ಅಂಕಿಗಳಿಂದಲೇ ಹುಟ್ಟಿದ್ದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಸುದ್ದಿ ಗಡಿಯ ಈಚೆಗೂ ಬಂದಿದೆ. ಇನ್ನೊಂದು ಕಡೆ, ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಕೈಗುಣಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಈ ಬ್ಯಾಕ್ಟೀರಿಯಾವನ್ನು ತಡೆಯುವುದು ಎಂಥ ಅನುಭವಿ ಕೈಗೂ ಆಗದ ಕೆಲಸ. ಅದಕ್ಕೆ ಬೇಕಾದದ್ದು ರಕ್ತನಾಳಕ್ಕೆ ಹೋಗುವ ಪೆನಿಸಿಲಿನ್ ಇಲ್ಲವೇ ಆಂಪಿಸಿಲಿನ್.

ಅದಕ್ಕೊಂದು ಹೊತ್ತು ಇದೆ. ಬೇನೆ ಶುರುವಾದೊಡನೆ ಅಥವಾ ನೀರು ಒಡೆದೊಡನೆ ಮೊದಲ ಡೋಸು, ಆಮೇಲೆ ಹೆರಿಗೆಯಾಗುವವರೆಗೆ ನಾಲ್ಕು ತಾಸಿಗೊಮ್ಮೆ. ಮಗು ಹುಟ್ಟುವುದಕ್ಕೆ ನಾಲ್ಕು ತಾಸಾದರೂ ಮುಂಚೆ ಔಷಧ ಮೈಗೆ ಹೋಗಿರಬೇಕು. ಎಂಟನೇ ತಿಂಗಳಲ್ಲೇ ಮಾತ್ರೆ ನುಂಗಿ ಮುಗಿಸೋಣವೆಂದರೆ ನಡೆಯದು. ಮಾತ್ರೆ ನಿಲ್ಲಿಸಿದ ಮೇಲೆ ಬ್ಯಾಕ್ಟೀರಿಯಾ ಕರುಳಿನಿಂದ ಮತ್ತೆ ಬರುತ್ತದೆ. ಬೆಳ್ಳುಳ್ಳಿ, ಮೊಸರು, ಬೇವಿನ ನೀರು ಇವನ್ನು ನೆಚ್ಚಿ ಕೂರುವಂತಿಲ್ಲ. ಜಿಬಿಎಸ್ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ನೂ ಬೇಡ. ಯಾರಾದರೂ ಅದು ಬೇಕೇಬೇಕೆಂದು ಹೆದರಿಸಿದರೆ ಮರುಪ್ರಶ್ನೆ ಹಾಕಿ. ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲಿ ಸಾವಿರಕ್ಕೆ 1.8 ಮಕ್ಕಳಿಗೆ ಮೊದಲ ವಾರದಲ್ಲೇ ಈ ನಂಜು ತಗಲುತ್ತಿತ್ತು. ಬೇನೆಯ ಹೊತ್ತಿನ ಈ ಔಷಧ ರೂಢಿಗೆ ಬಂದು 2015ರ ಹೊತ್ತಿಗೆ ಅದು 0.23ಕ್ಕೆ ಇಳಿದಿತ್ತು.

ಬ್ರಿಟನ್ನಿನ ಕೆಲವು ಕಡೆ ನೋಂದಾಯಿತ ಸೂಲಗಿತ್ತಿಯೇ ಮನೆಗೆ ಬಂದು ಡ್ರಿಪ್ ಹಾಕಿ ಹೆರಿಗೆ ಮಾಡಿಸುತ್ತಾಳೆ. ಪೆನಿಸಿಲಿನ್ ಒಗ್ಗದೆ ಉಸಿರು ಕಟ್ಟಿದರೆ ಚುಚ್ಚಲು ಅಡ್ರಿನಲಿನ್ ಅವಳ ಕೈಯಲ್ಲಿರುತ್ತದೆ, ಕರೆದರೆ ಬರುವ ಆಂಬುಲೆನ್ಸ್ ಇರುತ್ತದೆ. ರಾಯಿಕೋಡಿನ ಮನೆಗೆ ಹೀಗೆ ಡ್ರಿಪ್ಪು, ಅಡ್ರಿನಲಿನ್ ಹಿಡಿದು ಬರುವ ಸೂಲಗಿತ್ತಿಯ ಏರ್ಪಾಡು ಇವತ್ತು ಇಲ್ಲ. ಆದ್ದರಿಂದ ನನ್ನ ಮಾತು ಖಚಿತ: ಜಿಬಿಎಸ್ ಇದೆಯೆಂದು ಗೊತ್ತಿರುವವಳು ಇಲ್ಲಿ ಮನೆ ಹೆರಿಗೆಯ ಯೋಚನೆ ಬಿಡಬೇಕು. ಜಹೀರಾಬಾದೋ ನಾರಾಯಣಖೇಡವೋ ಬೀದರವೋ, ಎಲ್ಲಿಗೆಂದು ಒಂಬತ್ತನೇ ತಿಂಗಳು ಬೀಳುವ ಮೊದಲೇ ನಿಶ್ಚಯವಾಗಿರಲಿ. ಬೇನೆ ಬಲಿಯಲಿ, ಬೆಳಗಾಗಲಿ ಎಂದು ಕಾಯುವ ರೂಢಿ ಇವಳಿಗೆ ಸಲ್ಲದು. ಎರಡನೇ, ಮೂರನೇ ಹೆರಿಗೆಯಾದರೆ ನಾಲ್ಕು ತಾಸು ಸಿಗುವುದೇ ಕಷ್ಟ. ಆಸ್ಪತ್ರೆಯ ಹತ್ತಿರದ ನೆಂಟರ ಮನೆಯಲ್ಲಿ ಮೊದಲೇ ಹೋಗಿ ಇರುವುದು ಒಳ್ಳೆಯದು.

ಸರ್ಕಾರದ ಪಾಲು ಇದಕ್ಕಿಂತ ದೊಡ್ಡದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಗೆ ಎಚ್‌ಐವಿ, ಸಿಫಿಲಿಸ್, ಹಿಮೋಗ್ಲೋಬಿನ್ ನೋಡುತ್ತಾರೆ. ಜಿಬಿಎಸ್ ಆ ಪಟ್ಟಿಯಲ್ಲಿಲ್ಲ. 36–37ನೇ ವಾರದಲ್ಲಿ ಹತ್ತಿಕಡ್ಡಿಯಿಂದ ಯೋನಿ, ಗುದದ್ವಾರ ಸವರಿ ಲ್ಯಾಬಿಗೆ ಕಳಿಸಿದರೆ ಎರಡು ಮೂರು ದಿನದಲ್ಲಿ ಗೊತ್ತಾಗುವ ಸಂಗತಿ. ಎಲ್ಲರಿಗೂ ಈ ಪರೀಕ್ಷೆ ಮಾಡಲಾಗದಿದ್ದರೆ ಅಪಾಯದ ಗುರುತು ಕಂಡವರಿಗಾದರೂ ಔಷಧ ತಪ್ಪಬಾರದು: ದಿನ ತುಂಬುವ ಮೊದಲೇ ಬೇನೆ, ನೀರು ಒಡೆದು 18 ತಾಸು ಮೀರಿದ್ದು, ಬೇನೆಯಲ್ಲಿ ಜ್ವರ, ಹಿಂದಿನ ಮಗುವಿಗೆ ಈ ನಂಜು, ಈ ಬಸಿರಿನಲ್ಲಿ ಮೂತ್ರದಲ್ಲಿ ಇದು ಸಿಕ್ಕಿದ್ದು.

ಇನ್ನೊಂದು ತೊಡಕು ಗಡಿಯದು. 1956ರಲ್ಲಿ ಬೀದರ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ, ಕಲಬುರಗಿಯ ತಾಂಡೂರು ಆಂಧ್ರಪ್ರದೇಶಕ್ಕೆ ಹೋದವು. ಬೀಗತನ ನಿಲ್ಲಲಿಲ್ಲ. ಔರಾದಿನ ಸೊಸೆ ಕನ್ನಡದ ತಾಯಿ ಕಾರ್ಡ್ ಹಿಡಿದು ತೆಲುಗು ಓದುವ ನರ್ಸಮ್ಮನ ಮುಂದೆ ನಿಲ್ಲುತ್ತಾಳೆ. ಎರಡೂ ಕಡೆಯ ಕಾರ್ಡುಗಳ ಮೊದಲ ಪುಟದಲ್ಲೇ ಜಿಬಿಎಸ್, ಪೆನಿಸಿಲಿನ್ ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಕನ್ನಡ, ತೆಲುಗು ಎರಡರಲ್ಲೂ ಬರೆಯಲು ಏನು ಖರ್ಚು? ತೆಲಂಗಾಣ 2017ರಿಂದ ಸ್ಟಾಫ್ ನರ್ಸುಗಳಿಗೆ ಸೂಲಗಿತ್ತಿ ತರಬೇತಿ ಕೊಡುತ್ತಿದೆ. ಬೇನೆಯಲ್ಲಿ ಓಡಾಡಲು ಬಿಡುವ, ಅವ್ವನನ್ನು ಪಕ್ಕದಲ್ಲಿರಿಸುವ, ಬೈಯದೆ ಹೆರಿಗೆ ಮಾಡಿಸುವ ಇಂಥವರು ಗಡಿಯ ದವಾಖಾನೆಗಳಲ್ಲಿ ಹಗಲು ರಾತ್ರಿ ಇದ್ದರೆ, ಮನೆಯೇ ವಾಸಿ ಎನ್ನುವ ಹೆಣ್ಣುಮಗಳು ತಾನಾಗಿ ಬರುತ್ತಾಳೆ. ಅವಳು ಮನೆಯಲ್ಲಿ ಹುಡುಕುತ್ತಿರುವುದೂ ಇದನ್ನೇ.

ಇಷ್ಟಾಗಿಯೂ ಮಗು ಮನೆಯಲ್ಲೋ ದಾರಿಯಲ್ಲೋ ಹುಟ್ಟಿಬಿಟ್ಟರೆ, 108ಕ್ಕೆ ಫೋನು ಮಾಡಿ. ಒರೆಸಿ, ತಾಯಿಯ ಎದೆಗೆ ಹಾಕಿ, ಮೊಲೆಗೆ ಹಿಡಿಯಿರಿ, ನೀರು ಹಾಕಬೇಡಿ. ಮಗು ಗಟ್ಟಿಯಾಗಿ ಅತ್ತರೂ ಆಸ್ಪತ್ರೆಗೆ ಒಯ್ದು ತಾಯಿಗೆ ಜಿಬಿಎಸ್ ಇದೆ, ಔಷಧ ಸಿಕ್ಕಿಲ್ಲ ಎಂದು ಬಾಯಿಬಿಟ್ಟು ಹೇಳಿ, ಎರಡು ದಿನ ಅಲ್ಲೇ ಇರಿ. ಹಾಲು ಹೀರದಿರುವುದು, ಉಸಿರಿಗೊಮ್ಮೆ ನರಳುವುದು, ಪಕ್ಕೆ ಒಳಗೆ ಸೆಳೆಯುವುದು, ಮೈ ಸುಡುವುದು ಅಥವಾ ತಣ್ಣಗಾಗುವುದು, ಎಬ್ಬಿಸಿದರೂ ಏಳದಿರುವುದು: ಇವುಗಳಲ್ಲಿ ಒಂದು ಕಂಡರೂ ಡಾಕ್ಟರನ್ನು ಕೂಗಿ. ಮನೆಗೆ ಬಂದ ಮೇಲೂ ಮೂರು ತಿಂಗಳವರೆಗೆ ಇವೇ ಗುರುತುಗಳ ಮೇಲೆ ಕಣ್ಣಿರಲಿ. ಮೊದಲ ವಾರ ದಾಟಿದ ಮೇಲೆ ಬರುವ ನಂಜನ್ನು ಹೆರಿಗೆಯ ಹೊತ್ತಿನ ಔಷಧ ತಡೆಯುವುದಿಲ್ಲ.