ಶಕ 1430 ಎಂದರೆ ಯಾವ ಇಸವಿ?

ಹಂಪಿಯ ವಿರೂಪಾಕ್ಷ ಗುಡಿಯಲ್ಲಿರುವ ಕೃಷ್ಣದೇವರಾಯನ ಶಾಸನವನ್ನು ಡೇಟಾಬೇಸಿಗೆ ಏರಿಸಲು ಕುಳಿತವರಿಗೆ ಮೊದಲು ಹೊಳೆಯುವುದು ಶಕವರ್ಷಕ್ಕೆ 78 ಕೂಡಿಸುವ ಸುಲಭ ಲೆಕ್ಕ. 1430ಕ್ಕೆ 78 ಸೇರಿದರೆ 1508. ಒಂದು ಸಾಲಿನ ಕ್ವೆರಿಯಲ್ಲಿ ಕೆಲಸ ಮುಗಿಯಿತು. ಆದರೆ ಆ ಶಾಸನ ಹೇಳುವುದು ರಾಯನ ಪಟ್ಟಾಭಿಷೇಕದ ಉತ್ಸವದಲ್ಲಿ ಸಿಂಗಿನಾಯಕನಹಳ್ಳಿಯನ್ನು ದತ್ತಿ ಬಿಟ್ಟದ್ದನ್ನು, ರಂಗಮಂಟಪ ಮತ್ತು ಗೋಪುರ ಕಟ್ಟಿಸಿದ್ದನ್ನು. ಅವನು ಪಟ್ಟಕ್ಕೆ ಬಂದದ್ದೇ 1509ರಲ್ಲಿ!

ಕಲ್ಲಿನಲ್ಲಿ 1430 ಎಂದಷ್ಟೇ ಇಲ್ಲ. ಶುಕ್ಲ ಸಂವತ್ಸರ, ಮಾಘ ಶುದ್ಧ 14 ಎಂದೂ ಇದೆ. ಯುಗಾದಿಗೆ ಆರಂಭವಾಗುವ ವರ್ಷದ ಮಾಘ ಬೀಳುವುದು ಮುಂದಿನ ಇಸವಿಯಲ್ಲಿ, ಹಾಗಾಗಿ ಕೂಡಿಸಬೇಕಾದದ್ದು 79. ಆಗ 1509. ಅದೂ ಸಂವತ್ಸರಕ್ಕೆ ತಾಳೆಯಾಗದು. ಶಕ 1430ನ್ನು ಆಗಲೇ ಮುಗಿದ ವರ್ಷಗಳ ಎಣಿಕೆಯೆಂದು ಹಿಡಿದರೆ ಸಿಗುವ ಸಂವತ್ಸರ ವಿಭವ. ಇನ್ನೂ ನಡೆಯುತ್ತಿರುವ ವರ್ಷವೆಂದರೆ ಪ್ರಭವ. ಶುಕ್ಲ ಹಿಡಿದದ್ದು 1509ರ ಯುಗಾದಿಗೆ. ಅದರಂತೆ ಹೋದರೆ ಮಾಘ ಶುದ್ಧ 14 ಬರುವುದು 1510ರ ಜನವರಿಯಲ್ಲಿ. ಅಂಕಿಗೂ ಸಂವತ್ಸರಕ್ಕೂ ಜಗಳ ಬಂದಾಗ ಸಂವತ್ಸರದ ಹೆಸರಿನ ಕಡೆ ವಾಲುವುದೇ ಮೇಲು. ಜನರ ಬಾಯಲ್ಲಿ ದಿನವೂ ಓಡಾಡುತ್ತಿದ್ದದ್ದು ಅದು; ಶಕದ ಎಣಿಕೆ ಬರೆಯುವವನ ಲೆಕ್ಕ.

ಸಾಫ್ಟ್‌ವೇರಿಗೆ ಈ ಪಂಚಾಯಿತಿ ಬೇಕಿಲ್ಲ. ಎಕ್ಸೆಲ್ಲಿನಲ್ಲಿ 1430 ಬರೆದು ಆ ಕೋಶವನ್ನು ದಿನಾಂಕವಾಗಿಸಿ ನೋಡಿ, 1903ರ ನವೆಂಬರ್ 30 ಎನ್ನುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಡೇಟ್‌ಟೈಮ್ ಕಾಲಂ ಶುರುವಾಗುವುದೇ 1753ರಿಂದ. ಇಡೀ ವಿಜಯನಗರ ಸಾಮ್ರಾಜ್ಯಕ್ಕೆ ಅಲ್ಲಿ ಜಾಗವಿಲ್ಲ. ಪೋಸ್ಟ್‌ಗ್ರೆಸ್ 1510ನ್ನು ಒಪ್ಪುತ್ತದೆ, ಆದರೆ ಗ್ರೆಗೋರಿಯನ್ ಎಂದೇ ಓದುತ್ತದೆ. ಇತಿಹಾಸದ ಪುಸ್ತಕಗಳು ಕೊಡುವ ಆ ಜನವರಿ ಜೂಲಿಯನ್ ಲೆಕ್ಕದ್ದು. ಹತ್ತು ದಿನ ಸರಿಪಡಿಸಿದರೆ ಅದೇ ದಿನ ಫೆಬ್ರವರಿಗೆ ದಾಟುತ್ತದೆ.

ಇನ್ನು ಕೆಲವು ಸಾಫ್ಟ್‌ವೇರ್ ಲೈಬ್ರರಿಗಳಲ್ಲಿರುವ ‘ಭಾರತೀಯ ಪಂಚಾಂಗ’ದ ಆಯ್ಕೆ. ಅದು 1957ರ ಮಾರ್ಚ್ 22ರಂದು ಸರ್ಕಾರ ಜಾರಿಗೆ ತಂದ ರಾಷ್ಟ್ರೀಯ ಶಕ ಪಂಚಾಂಗ. ಅದರಲ್ಲಿ ತಿಥಿಯೂ ಇಲ್ಲ, ಅಧಿಕಮಾಸವೂ ಇಲ್ಲ. ಹೆಸರು ನೋಡಿ ಹಂಪಿಯ ಕಲ್ಲಿಗೆ ಅದನ್ನು ಹಚ್ಚುವುದು ಎಲ್ಲಕ್ಕಿಂತ ಅಪಾಯದ ಕೆಲಸ, ಏಕೆಂದರೆ ಉತ್ತರ ತಪ್ಪಿದ್ದರೂ ಎರರ್ ಬರುವುದಿಲ್ಲ.

ಸಂಡೂರು, ಕಂಪ್ಲಿ ಕಡೆ ಹಿಂದಿನ ಕಾಲಕ್ಕೆ ಹೋದರೆ ಮತ್ತೊಂದು ತೊಡಕು. ಕಲ್ಯಾಣದ ಆರನೇ ವಿಕ್ರಮಾದಿತ್ಯ 1076ರಲ್ಲಿ ತನ್ನದೇ ಚಾಲುಕ್ಯ ವಿಕ್ರಮ ಶಕ ಶುರುಮಾಡಿದ. ಅವನ ಕಾಲದ ಕಲ್ಲಿನ ಮೇಲೆ 30 ಎಂಬ ಅಂಕಿ ಕಂಡರೆ 78 ಕೂಡಿಸಿ 108 ಎಂದು ಬರೆಯುವ ಫಾರ್ಮುಲಾಕ್ಕೆ ನಾಚಿಕೆಯಾಗುವುದಿಲ್ಲ. ಹಲವು ತಾಮ್ರಪಟಗಳಲ್ಲಂತೂ ಅಂಕಿಯ ಬದಲು ಚಂದ್ರ, ನೇತ್ರ ಎಂಬಂಥ ಪದಗಳು. ಅವನ್ನು ಬಲದಿಂದ ಎಡಕ್ಕೆ ಜೋಡಿಸಿ ಓದಬೇಕು.

ಆದ್ದರಿಂದ ಹೊಸಪೇಟೆ ಸೀಮೆಯ ಶಾಸನಗಳನ್ನು ಕಂಪ್ಯೂಟರಿಗೆ ತುಂಬುವವರು ಕಲ್ಲಿನ ಮೇಲಿನ ತೇದಿಯನ್ನು ಇದ್ದಂತೆಯೇ ಇಡಲಿ: ಶಕ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಒಂದೊಂದಕ್ಕೂ ಒಂದೊಂದು ಪಠ್ಯದ ಕಾಲಂ. ಇಸವಿ ಬೇರೆ ಕಾಲಮಿನಲ್ಲಿರಲಿ, ‘ಇಂದ–ವರೆಗೆ’ ಎಂಬ ಎರಡು ಅಂಚುಗಳೊಂದಿಗೆ. ಪಕ್ಕದಲ್ಲಿ ಯಾವ ಕೋಷ್ಟಕ ನೋಡಿ ಪರಿವರ್ತಿಸಿದ್ದು ಎಂಬುದೂ ಇರಬೇಕು: 1896ರ ಸೀವೆಲ್–ದೀಕ್ಷಿತರದೋ, ಸ್ವಾಮಿಕಣ್ಣು ಪಿಳ್ಳೆಯವರದೋ. ಈಗಾಗಲೇ ಬರೀ 78 ಕೂಡಿಸಿ, ಮೂಲದ ಅಂಕಿ ಅಳಿಸಿ, ಇಸವಿಯೊಂದನ್ನೇ ಉಳಿಸಿಕೊಂಡ ಪಟ್ಟಿಗಳಿದ್ದರೆ ಅವನ್ನು ಕ್ವೆರಿಯಿಂದ ಸರಿಪಡಿಸಲಾಗದು. ಕಲ್ಲಿನ ಬಳಿಗೋ ಅಚ್ಚಾದ ಶಾಸನ ಸಂಪುಟಕ್ಕೋ ಮತ್ತೆ ಹೋಗಬೇಕು.