ಕಾಲಿನ ಜೋಮಿಗೆ ಸಕ್ಕರೆಯೊಂದೇ ಕಾರಣವೇ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಅಂಗಾಲು ಉರಿ, ಜೋಮು ಎಂದರೆ 'ಶುಗರ್ ಇದೆಯಲ್ಲ' ಎಂದು ಸುಮ್ಮನಾಗುತ್ತೇವೆ. ಇದು ತಪ್ಪು. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರ ಕರುಳು ಬಿ12 ಜೀವಸತ್ವವನ್ನು ಸರಿಯಾಗಿ ಹೀರಿಕೊಳ್ಳದಿರಬಹುದು. ಮಾಂಸ, ಕಲೀಜಿ ತಿನ್ನುವ ನಮಗೆಲ್ಲಿಯ ಕೊರತೆ ಎನ್ನಬೇಡಿ. ತಿಂದದ್ದು ರಕ್ತಕ್ಕೆ ಸೇರಬೇಕಲ್ಲ?

ಬಿ12 ಅಥವಾ ಫೋಲೇಟ್ ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಂಶ ಏರುತ್ತದೆ. ಇದಕ್ಕೂ ರಕ್ತನಾಳಗಳ ಹಾನಿಗೂ ನಂಟಿದೆ ಎಂದು ಅಮೆರಿಕದ ವೈದ್ಯ ಕಿಲ್ಮರ್ ಮೆಕಲಿ 1969ರಲ್ಲೇ ಹೇಳಿದ್ದರು. ಹಾಗಾದರೆ ಬಿ ಮಾತ್ರೆ ನುಂಗಿದರೆ ಹೃದಯ ಉಳಿದೀತು ಎಂಬ ಆಸೆ ಹುಟ್ಟಿತು. ದೊಡ್ಡ ಅಧ್ಯಯನಗಳಲ್ಲಿ ಹೋಮೋಸಿಸ್ಟೀನ್ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. 2010ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಂತೂ, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟವರಿಗೆ ಭಾರೀ ಪ್ರಮಾಣದ ಬಿ ಮಾತ್ರೆ ಕೊಟ್ಟಾಗ ಕಿಡ್ನಿ ಇನ್ನೂ ಬೇಗ ಸೊರಗಿತು.

ಆದ್ದರಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ಬಿ ಕಾಂಪ್ಲೆಕ್ಸ್ ತಂದು ನುಂಗುವ ಚಾಳಿ ಬೇಡ. ಮೆಟ್‌ಫಾರ್ಮಿನ್ ಅನ್ನು ತಾವಾಗಿ ನಿಲ್ಲಿಸುವುದೂ ಬೇಡ. ಬಿ12 ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಕೊರತೆ ಕಂಡರೆ ಚಿಕಿತ್ಸೆ ಬೇಕೇ ಬೇಕು. ತಡವಾದರೆ ನರಗಳ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು. ಫೋಲೇಟಿಗೆ ನಮ್ಮ ಸೀಮೆಯ ಬಸ್ಸಾರು ಒಳ್ಳೆಯದು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೇ ಬಳಸುವುದರಿಂದ, ನೀರಿಗಿಳಿದ ಫೋಲೇಟ್ ತಟ್ಟೆಗೆ ಬರುತ್ತದೆ. ಮದ್ದೂರು ವಡೆಗೆ ಆ ಗುಣವಿಲ್ಲ, ರುಚಿ ಎಷ್ಟೇ ಇರಲಿ. ರಂಜಾನಿಗೆ ಮುಂಚೆ ಮಾತ್ರೆಯ ಹೊತ್ತು ಕೇಳಲು ವೈದ್ಯರ ಬಳಿ ಹೋಗುತ್ತೀರಲ್ಲ, ಆಗಲೇ ಕಾಲಿನ ಜೋಮಿನ ವಿಷಯವನ್ನೂ ಹೇಳಿ.